ಪವನ ವಿದ್ಯುತ್ ಘಟಕ: ಊರಿಗೆ ಸಿಗುವ ಪಾಲೆಷ್ಟು?

ಗದಗ, ಚಿತ್ರದುರ್ಗದ ಗುಡ್ಡಗಳ ಮೇಲೆ ಜನ ‘ಫ್ಯಾನ್’ ಎಂದೇ ಕರೆಯುವ ಗಾಳಿಯಂತ್ರಗಳು ಸಾಲಾಗಿ ನಿಂತಿವೆ. ಇಂಥ ಘಟಕದಿಂದ ಊರಿಗೆ ಏನು ಸಿಗುತ್ತದೆ ಎಂಬುದು ಕಾಮಗಾರಿಗೂ ಮುನ್ನ ಆಗುವ ಒಪ್ಪಂದವನ್ನು ಅವಲಂಬಿಸಿದೆ.

ಸ್ಥಾಪನೆ ಹೇಗೆ?
ಮೊದಲು ಎತ್ತರದ ಕಂಬ ನಿಲ್ಲಿಸಿ, ಸಾಮಾನ್ಯವಾಗಿ ಒಂದು ವರ್ಷವಾದರೂ ಗಾಳಿಯ ವೇಗ, ದಿಕ್ಕು ಅಳೆಯುತ್ತಾರೆ. ನಂತರ ಜಮೀನು, ಪರವಾನಗಿ ಮತ್ತು ಗ್ರಿಡ್ ಸಂಪರ್ಕದ ಕೆಲಸ. ಕೊನೆಗೆ ರಸ್ತೆ, ತಳಪಾಯ, ಯಂತ್ರ ಜೋಡಣೆ. ಯಂತ್ರಗಳ ಬಾಳಿಕೆ ಸುಮಾರು 20ರಿಂದ 25 ವರ್ಷ.

ಯಾರಿಗೆ ಲಾಭ?
ಜಮೀನು ಕೊಟ್ಟ ರೈತನಿಗೆ ಬಾಡಿಗೆ ಅಥವಾ ಬೆಲೆ ಸಿಗುತ್ತದೆ. ಯಂತ್ರದ ಸುತ್ತ ಬೇಸಾಯವೂ ಮುಂದುವರಿಯಬಹುದು. ಕಾಮಗಾರಿ ವೇಳೆ ಕೂಲಿ ಹೆಚ್ಚು, ಮುಗಿದ ಮೇಲೆ ಉಳಿಯುವುದು ಕೆಲವೇ ಕೆಲಸ. ಆದರೆ ಸದ್ದು ಕೇಳಿಸಿಕೊಳ್ಳುವ ಪಕ್ಕದ ಹೊಲದವನಿಗೆ ಏನೂ ಸಿಗದೇ ಹೋಗಬಹುದು.

ಪಾಲು ಕೊಡುವ ಮಾದರಿಗಳು
ಸ್ಕಾಟ್ಲೆಂಡ್ ಸರ್ಕಾರದ ಮಾರ್ಗಸೂಚಿ ಪ್ರತಿ ಮೆಗಾವಾಟ್‌ಗೆ ವರ್ಷಕ್ಕೆ 5,000 ಪೌಂಡ್ ಸ್ಥಳೀಯ ನಿಧಿಗೆ ನೀಡಲು ಸೂಚಿಸುತ್ತದೆ. 50 ಮೆಗಾವಾಟ್ ಘಟಕವಾದರೆ 2.5 ಲಕ್ಷ ಪೌಂಡ್. ಇದು ಕಡ್ಡಾಯವಲ್ಲ. ಡೆನ್ಮಾರ್ಕ್ 2009ರ ಕಾನೂನಿನಲ್ಲಿ ಕನಿಷ್ಠ ಶೇ 20ರಷ್ಟು ಷೇರನ್ನು ಸ್ಥಳೀಯರಿಗೆ ನೀಡಲು ಮುಂದಾಗಬೇಕೆಂದು ಹೇಳಿತ್ತು. ಸ್ಕಾಟ್ಲೆಂಡ್‌ನ ಗೀಯಾ ದ್ವೀಪದ ಜನ 2002ರಲ್ಲಿ ದ್ವೀಪವನ್ನೇ ಖರೀದಿಸಿ, ಬಳಿಕ ತಮ್ಮದೇ 3 ಯಂತ್ರ ನಿಲ್ಲಿಸಿದರು.

ಸಹಿಗೆ ಮುನ್ನ
ಬಾಡಿಗೆ ಎಷ್ಟು ವರ್ಷಕ್ಕೊಮ್ಮೆ ಏರುತ್ತದೆ, ಹಾಳಾದ ರಸ್ತೆ ಯಾರು ಸರಿಪಡಿಸುತ್ತಾರೆ, ಅವಧಿ ಮುಗಿದ ಯಂತ್ರವನ್ನು ಯಾರು ತೆಗೆಯುತ್ತಾರೆ, ಪಂಚಾಯಿತಿಗೆ ಏನು ಬರುತ್ತದೆ ಎಂಬುದು ಕರಾರಿನಲ್ಲೇ ಇರಬೇಕು. ಯಂತ್ರ ತಿರುಗಲು ಶುರುವಾದ ಮೇಲೆ ಇವನ್ನು ಸೇರಿಸುವುದು ಕಷ್ಟ.