ಕಬ್ಬಿಣದ ಶಾಸನ: ನೀಲಗಿರಿಯ ಹಳೆಯ ಅಮೆರಿಕನ್ ಗಾಡಿಗಳು

ಶಾಸನವೆಂದೊಡನೆ ನಮ್ಮ ವಿದ್ಯಾರ್ಥಿಗಳ ಕಣ್ಣ ಮುಂದೆ ನಿಲ್ಲುವುದು ಒಂದು ಕಲ್ಲು, ಇಲ್ಲವೆ ಒಂದು ತಾಮ್ರದ ಹಲಗೆ. ಕಬ್ಬಿಣದ ಮೇಲೂ ಶಾಸನವಿರಬಹುದೆಂಬುದು ನಮಗೆ ಹೊಳೆದದ್ದು ಮಸಿನಗುಡಿಯ ಒಂದು ಹಿತ್ತಿಲಿನಲ್ಲಿ. ಅಲ್ಲೊಂದು ಹಳೆಯ ಜೀಪು ಮಾರಾಟಕ್ಕಿದೆಯೆಂದು ಕೇಳಿ, ಕೊಳ್ಳುವ ಶಕ್ತಿಯಿಲ್ಲದಿದ್ದರೂ ನೋಡುವ ಆಸೆಯಿಂದ ಹೋಗಿದ್ದೆವು. ಕೊಳ್ಳಲೆಂದೇ ಬಂದಿದ್ದವರೊಬ್ಬರು ಅಲ್ಲಿ ಆಗಲೇ ಇದ್ದರು. "ಇದು ಮಹಾಯುದ್ಧದ ಅಮೆರಿಕನ್ ಜೀಪು, ಮೇಷ್ಟ್ರೇ. ನಮ್ಮಪ್ಪನೇ ಹೇಳುತ್ತಿದ್ದರು" ಎಂದರು ಗಾಡಿಯ ಒಡೆಯರಾದ ಹಿರಿಯರು. ಕೇಳಿದ ಬೆಲೆಯೂ ಆ ಮಾತಿಗೆ ತಕ್ಕಂತೆಯೇ ಇತ್ತು. ಕೊಳ್ಳಬಂದವರು ನಮ್ಮತ್ತ ತಿರುಗಿ, "ನೀವು ಚರಿತ್ರೆಯ ಪಾಠ ಹೇಳುವವರು. ನಿಜವೋ ಅಲ್ಲವೋ ನೀವೇ ಹೇಳಿ" ಎಂದುಬಿಟ್ಟರು. ಆ ಪ್ರಶ್ನೆಗೆ ಉತ್ತರ ಕೊಡಬೇಕಾದರೆ, ಇಂಥ ಗಾಡಿಗಳು ನಮ್ಮ ಮಲೆಗೆ ಬಂದ ದಾರಿಯನ್ನು ಮೊದಲು ಅರಿಯಬೇಕು.

ಜಾನ್ ಸಲಿವನ್ ಉದಕಮಂಡಲದಲ್ಲಿ ಮನೆ ಕಟ್ಟಿಸಿದ್ದು ೧೮೨೦ರ ದಶಕದಲ್ಲಿ. ಅಲ್ಲಿಂದ ಮುಂದೆ ಬಹುಕಾಲ ಕುದುರೆ, ಎತ್ತಿನ ಗಾಡಿ, ಹೊರೆಯಾಳುಗಳ ಹೆಗಲು ಇವೇ ಮಲೆಯನ್ನು ಹತ್ತಿಸುವ ಸಾಧನಗಳಾಗಿದ್ದವು. ಉಗಿಬಂಡಿ ೧೮೯೯ರಲ್ಲಿ ಕೂನೂರಿಗೂ ೧೯೦೮ರಲ್ಲಿ ಉದಕಮಂಡಲಕ್ಕೂ ಬಂದಿತು. ಅದೇ ೧೯೦೮ರಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ಹೆನ್ರಿ ಫೋರ್ಡನು ತನ್ನ 'ಟಿ' ಮಾದರಿಯ ಕಾರನ್ನು ಹೊರತಂದನು. ೧೯೨೭ರಲ್ಲಿ ಅದರ ತಯಾರಿಕೆ ನಿಲ್ಲುವ ಹೊತ್ತಿಗೆ ಸುಮಾರು ಒಂದೂವರೆ ಕೋಟಿ ಗಾಡಿಗಳು ಲೋಕದಲ್ಲೆಲ್ಲ ಹರಡಿದ್ದವು.

ಈ ಕಾರಿನ ಒಂದು ಸೋಜಿಗವನ್ನು ಹೇಳದೆ ಮುಂದುವರಿಯಲಾಗದು. ಅದರ ಪೆಟ್ರೋಲಿನ ತೊಟ್ಟಿ ಮುಂದಿನ ಆಸನದ ಅಡಿಯಲ್ಲಿತ್ತು. ಪೆಟ್ರೋಲನ್ನು ಎಂಜಿನ್ನಿಗೆ ತಳ್ಳುವ ಪಂಪು ಇರಲಿಲ್ಲ; ನೀರಿನಂತೆ ಅದು ತಾನಾಗಿಯೇ ತಗ್ಗಿಗೆ ಹರಿಯಬೇಕಾಗಿತ್ತು. ಕಡಿದಾದ ಏರಿನಲ್ಲಿ ಎಂಜಿನ್ ತೊಟ್ಟಿಗಿಂತ ಮೇಲಾದಾಗ ಹರಿವು ನಿಂತು ಗಾಡಿಯೂ ನಿಲ್ಲುತ್ತಿತ್ತು. ಆಗ ಚಾಲಕನು ಗಾಡಿಯನ್ನು ತಿರುಗಿಸಿ, ಹಿಮ್ಮುಖವಾಗಿ ಬೆಟ್ಟ ಹತ್ತಿಸುತ್ತಿದ್ದನು! ಕಲ್ಲಟ್ಟಿಯ ೩೬ ತಿರುವುಗಳನ್ನು ಬಲ್ಲ ನಮ್ಮ ವಾಚಕರು ಆ ಪಾಡನ್ನು ಊಹಿಸಿಕೊಳ್ಳಬಲ್ಲರು.

ಅಮೆರಿಕದ ಗಾಡಿಗಳೆಂದು ನಾವು ಕರೆಯುವ ಎಷ್ಟೋ ಗಾಡಿಗಳು ವಾಸ್ತವವಾಗಿ ಬಂದದ್ದು ಕೆನಡಾ ದೇಶದಿಂದ. ಬ್ರಿಟಿಷ್ ಸಾಮ್ರಾಜ್ಯದ ದೇಶಗಳಿಗೆ ಫೋರ್ಡ್ ಗಾಡಿಗಳನ್ನು ಒದಗಿಸುವ ಹಕ್ಕು, ಇಂಗ್ಲೆಂಡನ್ನು ಬಿಟ್ಟರೆ, ೧೯೦೪ರಲ್ಲಿ ಸ್ಥಾಪಿತವಾದ ಕೆನಡಾದ ಫೋರ್ಡ್ ಸಂಸ್ಥೆಗೆ ಸೇರಿತ್ತು. ಆದುದರಿಂದಲೇ ನಮ್ಮಲ್ಲಿಗೆ ಬಂದವುಗಳ ಚಕ್ರ ಬಲಗಡೆಗಿರುತ್ತದೆ. ೧೯೨೬ರಲ್ಲಿ ಫೋರ್ಡ್ ಇಂಡಿಯಾ ಹುಟ್ಟಿತು; ೧೯೨೮ರಲ್ಲಿ ಜನರಲ್ ಮೋಟಾರ್ಸ್ ಮುಂಬಯಿಯ ಶಿವಡಿಯಲ್ಲಿ ಷೆವ್ರೊಲೆ ಗಾಡಿಗಳ ಬಿಡಿಭಾಗಗಳನ್ನು ಜೋಡಿಸತೊಡಗಿತು. ಮಲೆಯ ಬುಡದಲ್ಲಿ, ಕೊಯಮತ್ತೂರಿನ ಜಿ. ಡಿ. ನಾಯ್ಡು ಅವರು ೧೯೨೦ರಲ್ಲಿ ಒಂದೇ ಬಸ್ಸಿನಿಂದ ಪೊಳ್ಳಾಚಿ–ಪಳನಿ ದಾರಿಯಲ್ಲಿ ಸಾರಿಗೆಯನ್ನು ಆರಂಭಿಸಿ ದೊಡ್ಡದೊಂದು ಸಂಸ್ಥೆಯನ್ನೇ ಕಟ್ಟಿದರು.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸೇನೆಗೆ ಬೇಡವಾದ ಜೀಪುಗಳೂ ಲಾರಿಗಳೂ ಹರಾಜಿನಲ್ಲಿ ಜನರ ಕೈಸೇರಿದವು. ಸ್ವಾತಂತ್ರ್ಯದ ಹೊತ್ತಿಗೆ ಮುಂಬಯಿಯ ಪ್ರೀಮಿಯರ್ ಸಂಸ್ಥೆ ಡಾಜ್, ಪ್ಲಿಮತ್, ಫಾರ್ಗೊ ಗಾಡಿಗಳನ್ನೂ ಮಹೀಂದ್ರ ಸಂಸ್ಥೆ ವಿಲ್ಲಿಸ್ ಜೀಪನ್ನೂ ಕೈಗೆತ್ತಿಕೊಂಡವು. ೧೯೫೩ರಲ್ಲಿ ಸುಂಕ ಆಯೋಗವು ಒಂದು ನಿಲುವು ತಳೆಯಿತು: ಬರಿಯ ಜೋಡಣೆ ಸಾಲದು, ಇಲ್ಲಿಯೇ ತಯಾರಿಸುವವರು ಮಾತ್ರ ಉಳಿಯಲಿ. ಅದರ ಫಲವಾಗಿ ಫೋರ್ಡ್, ಜನರಲ್ ಮೋಟಾರ್ಸ್ ಎರಡೂ ಅಂದು ಬಾಗಿಲು ಮುಚ್ಚಿದವು. ಅವುಗಳ ಬಿಡಿಭಾಗಗಳು ದುರ್ಲಭವಾದಂತೆ ಗಾಡಿಗಳು ರೂಪಾಂತರ ಹೊಂದಿದವು. ಪೆಟ್ರೋಲ್ ಎಂಜಿನ್ನನ್ನು ಕಿತ್ತು, ಮದ್ರಾಸಿನ ಸಿಂಪ್ಸನ್ ಕಾರ್ಖಾನೆಯ ಪರ್ಕಿನ್ಸ್ ಡೀಸೆಲ್ ಎಂಜಿನ್ನಿನಂಥದನ್ನು ಕೂರಿಸುವುದು ರೂಢಿಯಾಯಿತು.

ಈಗ ಅಂಥ ಗಾಡಿಯನ್ನು ಓದುವ ಬಗೆ. ಶಾಸನವನ್ನು ಓದುವವನು ಮೊದಲು ಅಕ್ಷರದ ಕಾಲವನ್ನು ನೋಡುತ್ತಾನೆ. ಆಮೇಲೆ ಕಲ್ಲು ಮೂಲದ್ದೋ ಬೇರೆಡೆಯಿಂದ ತಂದುದೋ ಎಂದು ವಿಚಾರಿಸುತ್ತಾನೆ. ಇಲ್ಲಿಯೂ ಅದೇ ಕ್ರಮ. ಫೋರ್ಡ್ 'ಟಿ' ಕಾರಿನ ಸಂಖ್ಯೆಯನ್ನು ಎಂಜಿನ್ನಿನ ಎಡಮಗ್ಗುಲಲ್ಲಿ, ನೀರು ಒಳಹೋಗುವ ಬಾಯಿಯ ಮೇಲ್ಗಡೆ ಕೊರೆದಿರುತ್ತಾರೆ. ಅದು ಕಾಗದಪತ್ರದ ಸಂಖ್ಯೆಗೆ ಹೊಂದಬೇಕು. ಮೊಳೆ ಹೊಡೆದು ಕೂರಿಸಿದ ಲೋಹದ ಫಲಕವೊಂದನ್ನೇ ನಂಬಬಾರದು. ಅಂಥ ಫಲಕಗಳನ್ನು ಹೊಸದಾಗಿ ಅಚ್ಚೊತ್ತಿ ಮಾರುವವರುಂಟು. ಗೂಡಲೂರಿನ ಮಳೆಯಲ್ಲಿ ನಿಂತ ಗಾಡಿಯ ಚೌಕಟ್ಟನ್ನು ಅಡಿಯಿಂದ ನೋಡಬೇಕು. ತುಕ್ಕು ತಿಂದ ತಗಡಿನ ಮೇಲೆ ಪುಟ್ಟಿ ಮೆತ್ತಿ ಬಣ್ಣ ಬಳಿದಿದ್ದರೆ ಅಲ್ಲಿ ಅಯಸ್ಕಾಂತ ಅಂಟುವುದಿಲ್ಲ. ನಮ್ಮ ಮಲೆಯಲ್ಲಿ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟವಾದ್ದರಿಂದ ಬ್ರೇಕಿನ ವಿಚಾರ ಮುಖ್ಯ. ಷೆವ್ರೊಲೆ ಕಾರುಗಳು ೧೯೩೬ರಲ್ಲಿ ದ್ರವದೊತ್ತಡದ ಬ್ರೇಕನ್ನು ಪಡೆದವು. ಫೋರ್ಡ್ ೧೯೩೯ರವರೆಗೂ ಕಾದಿತು. ಹಾಗಾಗಿ ೧೯೩೮ರ ಫೋರ್ಡ್ ಎಷ್ಟೇ ಚೆಲುವಾಗಿದ್ದರೂ ಇಳಿಜಾರಿನಲ್ಲಿ ಅದು ಬೇರೆಯೇ ಪ್ರಾಣಿ.

ಜೀಪಿನ ಶಾಸನವಂತೂ ಇನ್ನೂ ಸ್ಪಷ್ಟ. ಯುದ್ಧಕಾಲದಲ್ಲಿ ವಿಲ್ಲಿಸ್ ಮತ್ತು ಫೋರ್ಡ್ ಎರಡೂ ಒಂದೇ ನಮೂನೆಯ ಜೀಪನ್ನು ಮಾಡಿದವು. ಫೋರ್ಡಿನ ಜೀಪಿನಲ್ಲಿ ಬೋಲ್ಟುಗಳ ತಲೆಯ ಮೇಲೂ 'ಎಫ್' ಅಕ್ಷರವಿರುತ್ತದೆ. ಚೌಕಟ್ಟಿನ ಮುಂದಿನ ಅಡ್ಡಪಟ್ಟಿ ವಿಲ್ಲಿಸಿನದಾದರೆ ದುಂಡನೆಯ ಕೊಳವೆ. ಫೋರ್ಡಿನದಾದರೆ ಬೋರಲು ಹಾಕಿದ ದೋಣಿಯಂಥ ಆಕಾರ. ಯುದ್ಧದ ಜೀಪಿನ ಮುಖದ ಒತ್ತುತಗಡಿನಲ್ಲಿ ಒಂಬತ್ತು ಸೀಳುಗಳು. ಯುದ್ಧಾನಂತರ ನಾಗರಿಕರಿಗೆಂದು ಮಾಡಿದ ಜೀಪಿನಲ್ಲಿ ಏಳು, ದೀಪಗಳೂ ದೊಡ್ಡವು, ಹಿಂಬದಿಯಲ್ಲಿ ತೆರೆಯುವ ಬಾಗಿಲು ಬೇರೆ.

ಮಸಿನಗುಡಿಯ ಹಿತ್ತಿಲಿನಲ್ಲಿ ನಾವು ಎಣಿಸಿದೆವು. ಏಳೇ ಇದ್ದವು. ಹಿಂಬಾಗಿಲೂ ಇತ್ತು.

ಸುಮ್ಮನಿರಬಹುದಾಗಿತ್ತು. ಹಿರಿಯರ ಮನೆಯಲ್ಲಿ ಹಣದ ಅಗತ್ಯವಿತ್ತೆಂಬುದು ಕಾಣುತ್ತಲೇ ಇತ್ತು. ಆದರೆ ತರಗತಿಯಲ್ಲಿ ಸಾಕ್ಷ್ಯದ ಮಾತನಾಡಿ ಹಿತ್ತಿಲಿನಲ್ಲಿ ಮೌನ ತಾಳಿದರೆ ಆ ಪಾಠಕ್ಕೆ ಬೆಲೆಯೇನು? ಕಂಡದ್ದನ್ನು ಹೇಳಿದೆವು. ಹಿರಿಯರ ಮುಖ ಬಾಡಿತು. "ಹಾಗಾದರೆ ನಮ್ಮಪ್ಪ ಸುಳ್ಳು ಹೇಳಿದರೇ?" ಎಂದರು. ನಾವು ಕಾಗದಪತ್ರ ಕೇಳಿದೆವು. ತಗಡಿನ ಪೆಟ್ಟಿಗೆಯಿಂದ ಮದ್ರಾಸ್ ರಾಜ್ಯದ ಕಾಲದ ನೋಂದಣಿ ಪುಸ್ತಕ ಹೊರಬಂದಿತು. ಮೊದಲ ಪುಟದಲ್ಲಿ ಅವರ ತಂದೆಯ ಹೆಸರು. ಚೌಕಟ್ಟಿನ ಸಂಖ್ಯೆಯೂ ಎಂಜಿನ್ನಿನ ಸಂಖ್ಯೆಯೂ ಗಾಡಿಯ ಮೇಲಿನವುಗಳೊಂದಿಗೆ ಅಕ್ಷರಶಃ ಹೊಂದುತ್ತಿದ್ದವು. ತಂದೆ ಸುಳ್ಳಾಡಿರಲಿಲ್ಲ. ಜೀಪೆಂದರೆ ಯುದ್ಧದ ಗಾಡಿಯೆಂದೇ ಜನ ತಿಳಿದಿದ್ದ ಕಾಲ ಅದು. ಕರ್ಣಪರಂಪರೆಯಲ್ಲಿ ಕಾಲ ತಪ್ಪಬಹುದು. ಅದರ ಬೇರು ಸುಳ್ಳಾಗಿರಬೇಕಿಲ್ಲ. ಒಂದೇ ಮನೆಯಲ್ಲಿ ಮೂಲರೂಪದಲ್ಲಿ ಉಳಿದ ಗಾಡಿ, ಪೂರ್ತಿಯಾದ ದಾಖಲೆ! ನಕಲಿ ಫಲಕ ಹೊತ್ತ ಯುದ್ಧದ ಜೀಪಿಗಿಂತ ಇದೇ ಹೆಚ್ಚು ನಂಬಲರ್ಹವೆಂದು ಇಬ್ಬರಿಗೂ ತಿಳಿಸಿದೆವು.

ಈ ಮಾತಿಗೆ ಕಾನೂನಿನ ಬೆಂಬಲವೂ ಉಂಟು. ೨೦೨೧ರ ಕೇಂದ್ರ ನಿಯಮಗಳ ಪ್ರಕಾರ ೫೦ ವರ್ಷ ಮೀರಿದ, ಚೌಕಟ್ಟು, ಒಡಲು, ಎಂಜಿನ್ನುಗಳಲ್ಲಿ ಗಣನೀಯ ಬದಲಾವಣೆಯಾಗದ ಗಾಡಿಯನ್ನು ಪಾರಂಪರಿಕ ವಾಹನವೆಂದು ನೋಂದಾಯಿಸಬಹುದು. ಹೊಸ ನೋಂದಣಿಗೆ ೨೦,೦೦೦ ರೂಪಾಯಿ. ಅವಧಿ ೧೦ ವರ್ಷ. ಆದರೆ ಅದನ್ನು ಬಾಡಿಗೆಗಾಗಲಿ ದಿನಬಳಕೆಗಾಗಲಿ ಓಡಿಸುವಂತಿಲ್ಲ.

ಅಂದು ವ್ಯಾಪಾರ ಕುದುರಲಿಲ್ಲ. ಕೊಳ್ಳಬಂದವರು ಬೆಲೆ ಇಳಿಸಿದರು. ಹಿರಿಯರು ಪುಸ್ತಕವನ್ನು ಮತ್ತೆ ಪೆಟ್ಟಿಗೆಗೆ ಸೇರಿಸಿದರು. "ಇನ್ನು ಮಾರಿದರೂ ಇರುವುದನ್ನೇ ಹೇಳಿ ಮಾರುತ್ತೇನೆ" ಎಂದರು.

ವಿದ್ಯಾರ್ಥಿಗಳಲ್ಲಿ ನಮ್ಮದೊಂದು ಕೋರಿಕೆ. ನಿಮ್ಮ ಊರಿನ ಕೊಟ್ಟಿಗೆಯಲ್ಲಿಯೂ ತೋಟದ ಮೂಲೆಯಲ್ಲಿಯೂ ಇಂಥದೊಂದು ಗಾಡಿ ನಿಂತಿರಬಹುದು. ಗುಜರಿಯವನ ಕೈಗೆ ಅದು ಸೇರುವ ಮೊದಲು ಅದರ ಸಂಖ್ಯೆಯನ್ನು ಬರೆದುಕೊಳ್ಳಿರಿ. ಅದನ್ನು ಓಡಿಸಿದವರನ್ನು ಮಾತನಾಡಿಸಿರಿ. ಕಲ್ಲಿನ ಶಾಸನ ಸಾವಿರ ವರ್ಷ ಕಾಯುತ್ತದೆ. ತುಕ್ಕು ಹಿಡಿಯುವ ಶಾಸನಕ್ಕೆ ಅಷ್ಟು ವ್ಯವಧಾನವಿಲ್ಲ.