ಅಚ್ಚುಕಟ್ಟು ಅಂದ್ರೆ...

ಇಂಗ್ಲಿಷಿನ 'ನೀಟ್'ಗೆ ಕನ್ನಡದಲ್ಲಿ ಏನಂತೀರಿ ಅಂತ ಯಾರನ್ನಾದ್ರೂ ಕೇಳಿ ನೋಡಿ, ಥಟ್ಟಂತ 'ಅಚ್ಚುಕಟ್ಟು' ಅಂತಾರೆ. ಅಚ್ಚುಕಟ್ಟಾದ ಮನೆ, ಅಚ್ಚುಕಟ್ಟಾಗಿ ಉಟ್ಟ ಸೀರೆ. ಸರಿನೇ. ಆದ್ರೆ ಸುರಪುರ ಸೀಮೆಯ ನಾರಾಯಣಪುರದ ಕಡೆ ಹೋಗಿ ಇದೇ ಪದ ಹೇಳಿದ್ರೆ, 'ಯಾವ ಕೆನಾಲಿಂದ್ರೀ?' ಅಂತ ಕೇಳ್ತಾರೆ :) (ಅಲ್ಲಿ 'ನೀಟ ಹೋಗ್ರಿ' ಅಂದ್ರೆ ನೇರ ಹೋಗಿ ಅಂತ. ಮರಾಠಿಯಲ್ಲೂ ಆ ಪದ ಇದೆ. ಆ ಕತೆ ಇನ್ನೊಮ್ಮೆ.)

ಕೆರೆಯದೋ ಕಾಲುವೆಯದೋ ನೀರು ಹಾಯುವ ಜಮೀನಿಗೆಲ್ಲ ಒಟ್ಟಾಗಿ ಅಚ್ಚುಕಟ್ಟು ಅಂತ ಹೆಸರು. ಸರ್ಕಾರಿ ಇಂಗ್ಲಿಷಿನ 'ಆಯಕಟ್' ತಮಿಳು, ತೆಲುಗಿನ ಆಯಕಟ್ಟಿನ ರೂಪ. ಅದೇ ಆಯಕಟ್ಟು ಕನ್ನಡದಲ್ಲಿ ಬೇರೆ ದಾರಿ ಹಿಡಿದು 'ಆಯಕಟ್ಟಿನ ಜಾಗ' ಆಗಿದೆ.

ಇಂಗ್ಲಿಷಿನ ನೀಟ್ ಹುಟ್ಟಿದ್ದು ಲ್ಯಾಟಿನ್ನಿನ 'ನಿಟಿಡಸ್'ನಿಂದ, ಅಂದ್ರೆ ಹೊಳೆಯುವಂಥದ್ದು. ಅದು ಕಣ್ಣಿಗೆ ಕಾಣೋ ಗುಣ. ನಮ್ಮ ಪದದಲ್ಲಿರೋದು ಅಚ್ಚು ಮತ್ತು ಕಟ್ಟು. ಹೊಲದಲ್ಲಿ ಇದರ ಅರ್ಥ ನೋಡಿ: ಬದು ಸರಿಯಿರಬೇಕು, ಒಂದು ಮಡಿ ತುಂಬಿ ನೀರು ಮುಂದಿನ ಮಡಿಗೆ ಇಳೀಬೇಕು, ಕೊನೆಯ ಮಡಿಗೂ ಮುಟ್ಟಬೇಕು. ಹಳೇ ಮೈಸೂರಿನ ಕೆರೆಗಳಲ್ಲಿ ಇದಕ್ಕೆಂದೇ ನೀರಗಂಟಿ ಇರ್ತಿದ್ದ. ನನ್ನ ಮಟ್ಟಿಗೆ ಅಚ್ಚುಕಟ್ಟಿನ ನಿಜವಾದ ಅರ್ಥ ಈ ಹಂಚಿಕೆಯಲ್ಲಿದೆ, ಹೊಳಪಿನಲ್ಲಲ್ಲ.

ಈಗ ನಾರಾಯಣಪುರಕ್ಕೆ ಬನ್ನಿ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲಿಟ್ಟ ಕೃಷ್ಣಾ ಮೇಲ್ದಂಡೆ ಯೋಜನೆಯ ಇನ್ನೊಂದು ಅಣೆಕಟ್ಟೆ ಇದು, ಬಸವಸಾಗರ. 1982ರಲ್ಲಿ ಮುಗೀತು. 10 ಕಿ.ಮೀ.ಗೂ ಉದ್ದ, 30 ಗೇಟು. ಎಡದಂಡೆ ಕಾಲುವೆ, ಅದರ ಶಹಾಪುರ, ಮುಡಬಾಳ, ಇಂಡಿ ಶಾಖೆಗಳು... ಯೋಜನೆಯ ಮೊದಲೆರಡು ಹಂತಕ್ಕೆ 173 ಟಿಎಂಸಿ ನೀರು, 6.22 ಲಕ್ಷ ಹೆಕ್ಟೇರ್ ಅಚ್ಚುಕಟ್ಟು ಅಂತ ಲೆಕ್ಕ.

ಈ ಲೆಕ್ಕ ನಿಂತಿದ್ದು ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗಳ ಮೇಲೆ. ಬರದ ಸೀಮೆ, ಇರೋ ನೀರನ್ನ ತೆಳ್ಳಗೆ ಹರಡಿ ಎಲ್ಲರಿಗೂ ಮುಟ್ಟಿಸೋಣ ಅನ್ನೋ ಯೋಚನೆ. ಆದ್ರೆ ಕಾಲುವೆಯ ಬಾಯಿಯ ಹತ್ತಿರ ಜಮೀನಿದ್ದವರು ಭತ್ತ ಹಾಕಿದ್ರು. ತಪ್ಪು ಅವರದ್ದು ಮಾತ್ರ ಅಂತ ನಾನನ್ನೋದಿಲ್ಲ. ಕಣ್ಮುಂದೆ ನೀರು ಹರೀತಿರುವಾಗ, ಭತ್ತದಲ್ಲಿ ಕಾಸು ಕಾಣಿಸ್ತಿರುವಾಗ, ಜೋಳ ಬಿತ್ತು ಅಂದ್ರೆ ಯಾರು ಕೇಳ್ತಾರೆ? ಮೇಲಿನವರು ಆಯಕಟ್ಟಿನ ಜಾಗದಲ್ಲಿ ಕೂತ್ರು, ಕೊನೆ ಭಾಗದವರಿಗೆ ಒಣ ಕಾಲುವೆ ಉಳೀತು. ಮೇಲೆ ಕೆಲವು ಕಡೆ ನೀರು ಹೆಚ್ಚಾಗಿ ನೆಲ ಸವಳು-ಜವಳಾಯ್ತು, ಕೆಳಗೆ ಹತ್ತಿ ಬಾಡ್ತು. ಒಂದೇ ಕಾಲುವೆ!

ಸರಿಪಡಿಸೋ ಪ್ರಯತ್ನ ಆಗಿಲ್ಲ ಅಂತಲ್ಲ. ಭೀಮರಾಯನಗುಡಿಯಲ್ಲಿ ಅಚ್ಚುಕಟ್ಟು ಪ್ರದೇಶ ಅಭಿವೃದ್ಧಿ ಪ್ರಾಧಿಕಾರದ ಕಚೇರಿ ಬಂತು. ಕೆಲವು ದಿನ ನೀರು ಬಿಟ್ಟು ಕೆಲವು ದಿನ ನಿಲ್ಲಿಸೋ 'ಚಾಲೂ-ಬಂದ್' ಪದ್ಧತಿ ಬಂತು. 2010ರ ದಶಕದಲ್ಲಿ ಗೇಟುಗಳನ್ನ ದೂರದಿಂದಲೇ ನಿಯಂತ್ರಿಸೋ ಸ್ಕಾಡಾ ವ್ಯವಸ್ಥೆಯೂ ಬಂತು. ಗೇಟು ಎಷ್ಟು ಎತ್ತಬೇಕು ಅಂತ ಯಂತ್ರಕ್ಕೆ ಹೇಳಬಹುದು, ಮಡಿಯಲ್ಲಿ ಏನು ನಾಟಿ ಮಾಡಬೇಕು ಅಂತ ಹೇಳೋಕಾಗಲ್ಲವಲ್ಲ.

ಹೀಗಾಗಿ ಅಲ್ಲಿ ಎಷ್ಟೋ ಹೊಲ ದಾಖಲೆಯಲ್ಲಿ ಅಚ್ಚುಕಟ್ಟು, ಕಣ್ಣಾರೆ ನೋಡಿದ್ರೆ ಮಳೆ ನಂಬಿದ ಎರೆ ಭೂಮಿ. ನಿಮ್ಮ ಕಡೆ ಕೆರೆಗಳ ಕೆಳಗೆ ಈ ಪದ ಇನ್ನೂ ಬಳಕೆಯಲ್ಲಿದೆಯಾ? ಕೊನೆಯ ಮಡಿಗೆ ಏನಂತಾರೆ? ಗೊತ್ತಿದ್ರೆ ಹೇಳಿ.