ತಾಳೆಯಾದರೆ ಸಾಕಾ?

ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ನ್ಯಾಯಕ್ಕೆ ಕೂತ ಹಿರಿಯರು ಒಂದು ಮಾತು ಹೇಳ್ತಾರ: ನಾಲ್ಕು ಸಾಕ್ಷಿ ಅಕ್ಷರ ತಪ್ಪದಂಗ ಒಂದೇ ಹೇಳಿದ್ರ, ಯಾರೋ ಕಲಿಸಿ ಕಳಿಸ್ಯಾರ. ಧರ್ಮಗ್ರಂಥದ ವಿಷಯ ಬಂದಾಗ ಮಾತ್ರ ಈ ವಿವೇಕ ಮರೆತುಬಿಡ್ತೀವಿ. "ನಮ್ಮ ಗ್ರಂಥದಲ್ಲಿ ವೈರುಧ್ಯವೇ ಇಲ್ಲ, ಅದಕ್ಕೇ ಅದು ದೇವರದು, ನಿಮ್ಮದರಲ್ಲಿ ಇದೆ, ಅದಕ್ಕೇ ಅದು ಕಟ್ಟುಕಥೆ" ಅನ್ನೋ ವಿಡಿಯೊ ದಿನಾ ಮೊಬೈಲಿಗೆ ಬರುತ್ತೆ. ವಾದ ಹಳೇದು.

1854ರ ಏಪ್ರಿಲ್ 10 ಮತ್ತು 11ರಂದು ಆಗ್ರಾದಲ್ಲಿ ಇದು ಬಹಿರಂಗವಾಗಿಯೇ ನಡೆಯಿತು. ಒಂದು ಕಡೆ ಜರ್ಮನ್ ಪಾದ್ರಿ ಫಾಂಡರ್. ಅವನು ಕಲಿತದ್ದು ಬಾಸೆಲ್‌ನಲ್ಲಿ. 1837ರಲ್ಲಿ ಧಾರವಾಡಕ್ಕೆ ಬಂದ, ಮುಂದೆ ಕಿಟೆಲ್ ಅವರನ್ನು ಕನ್ನಡಕ್ಕೆ ಕೊಟ್ಟ ಅದೇ ಬಾಸೆಲ್ ಮಿಷನ್. ಇನ್ನೊಂದು ಕಡೆ ಮೌಲಾನಾ ರಹ್ಮತುಲ್ಲಾ ಕೈರಾನವಿ, ಜೊತೆಗೆ ಡಾಕ್ಟರ್ ವಜೀರ್ ಖಾನ್. ಇವರು ಬೈಬಲ್ಲಿನ ಪಾಠಾಂತರಗಳನ್ನು ತೋರಿಸಲು ಯುರೋಪಿನ ವಿಮರ್ಶಕರ ಪುಸ್ತಕಗಳನ್ನೇ ಹಿಡಿದು ಬಂದಿದ್ದರು. ನಕಲು ಮಾಡಿದವರ ತಪ್ಪುಗಳು ಇವೆ, ಆದರೆ ಮೂಲ ಬೋಧನೆ ಕೆಟ್ಟಿಲ್ಲ ಅಂತ ಫಾಂಡರ್ ಒಪ್ಪಿಕೊಂಡ. ಹಾಗಾದರೆ ಉಳಿದದ್ದನ್ನು ನಂಬೋದು ಹೇಗೆ ಅಂತ ಎದುರಿನವರು ಕೇಳಿದರು. ಚರ್ಚೆ ಅಲ್ಲಿಗೇ ಮುರಿದುಬಿತ್ತು. 1857ರ ದಂಗೆಯ ನಂತರ ಕೈರಾನವಿ ಮೆಕ್ಕಾ ಸೇರಿದರು.

ಆದರೆ ತಾಳೆಯಾಗೋದೇ ದೈವತ್ವಕ್ಕೆ ಸಾಕ್ಷಿಯಾ? ಚರ್ಚಿನ ಇತಿಹಾಸ ನೋಡಿ. ಯೋಸೇಫನ ತಂದೆ ಮತ್ತಾಯನ ಪ್ರಕಾರ ಯಾಕೋಬ, ಲೂಕನ ಪ್ರಕಾರ ಹೇಲಿ. ಸುಮಾರು ಕ್ರಿ.ಶ. 170ರಲ್ಲಿ ತಾತಿಯಾನ್ ಎಂಬವನು ನಾಲ್ಕೂ ಸುವಾರ್ತೆಗಳನ್ನು ಹೊಂದಿಸಿ ಒಂದೇ ಕಥೆ ಮಾಡಿದ; ವಂಶಾವಳಿಗಳನ್ನು ಬಿಟ್ಟೇಬಿಟ್ಟ. ಸಿರಿಯಾದ ಚರ್ಚುಗಳಲ್ಲಿ ಅದೇ ಓಡುತ್ತಿತ್ತು. ಐದನೇ ಶತಮಾನದಲ್ಲಿ ಬಿಷಪ್ ಥಿಯೊಡೊರೆಟ್ ಅದರ 200ಕ್ಕೂ ಹೆಚ್ಚು ಪ್ರತಿ ತೆಗೆಸಿ, ನಾಲ್ಕು ಬೇರೆ ಬೇರೆ ಸುವಾರ್ತೆಗಳನ್ನೇ ಇಡಿಸಿದ. ಅಂದರೆ ನೀಟಾಗಿ ತಾಳೆಯಾಗೋ ಪುಸ್ತಕ ಕೈಯಲ್ಲಿದ್ದಾಗಲೂ ಚರ್ಚು ಆರಿಸಿದ್ದು ತಾಳೆಯಾಗದ ನಾಲ್ಕನ್ನು.

ಕುರ್‌ಆನಿನ ನಾಲ್ಕನೇ ಅಧ್ಯಾಯದಲ್ಲಿ, ಇದು ದೇವರದಲ್ಲದಿದ್ದರೆ ಬಹಳ ವೈರುಧ್ಯ ಸಿಗುತ್ತಿತ್ತು ಎಂಬ ಅರ್ಥದ ಸವಾಲಿದೆ. ಕೋಡ್ ಬರೆಯೋ ನಮಗೆ ಇದರ ತರ್ಕ ಸರಿಯಾಗೇ ಕಾಣುತ್ತೆ. ಪ್ರಶ್ನೆ ಇರೋದು ಷರತ್ತಿನಲ್ಲಿ: ಮನುಷ್ಯ ಬರೆದದ್ದರಲ್ಲಿ ವೈರುಧ್ಯ ಇರಲೇಬೇಕಾ? ಯೂಕ್ಲಿಡ್‌ನ ಜ್ಯಾಮಿತಿಯಲ್ಲಿ ಹುಡುಕಿ ನೋಡಿ. ನಂಬುವವರ ಉತ್ತರಕ್ಕೂ ತೂಕ ಇದೆ: ಇದು ಒಂದೇ ಸಲಕ್ಕೆ ಕೂತು ಬರೆದದ್ದಲ್ಲ, ವಲಸೆ, ಯುದ್ಧ, ಸಂಧಾನಗಳ ನಡುವೆ 23 ವರ್ಷ ಬಂದದ್ದು. ಆದರೆ ಎರಡು ಆದೇಶ ಎದುರಾದಾಗ ನಂತರದ್ದು ಮೊದಲಿನದನ್ನು ರದ್ದು ಮಾಡುತ್ತೆ ಎಂಬ 'ನಸ್ಖ್' ನಿಯಮವನ್ನೂ ವಿದ್ವಾಂಸರು ಬಳಸುತ್ತಾರೆ. ಯಾವುದು ವೈರುಧ್ಯ, ಯಾವುದು ಅಲ್ಲ ಅಂತ ತೀರ್ಮಾನಿಸೋದು ಓದುವ ನಿಯಮ. ಆ ನಿಯಮ ಹುಟ್ಟೋದು ನಂಬಿಕೆಯ ಒಳಗೇ.

ಟೆಸ್ಟೆಲ್ಲ ಪಾಸಾದ ಪ್ರೋಗ್ರಾಮಿನಲ್ಲಿ ಒಳಗೆ ಜಗಳ ಇಲ್ಲ ಅಂತ ಗೊತ್ತಾಗುತ್ತೆ. ಅದನ್ನು ಬರೆದವರು ಯಾರು ಅಂತ ಗೊತ್ತಾಗಲ್ಲ. ಒಂದು ಟೆಸ್ಟ್ ಫೇಲಾದರೆ ಇಡೀ ಪ್ರೋಗ್ರಾಮು ಸುಳ್ಳು ಅಂತಲೂ ಆಗಲ್ಲ.

ಆಗ್ರಾದಲ್ಲಿ ಇಬ್ಬರೂ ಎದುರಿನವರ ಗ್ರಂಥಕ್ಕೆ ಒಂದು ಮೊಳಕೋಲು, ತಮ್ಮದಕ್ಕೆ ಇನ್ನೊಂದು ಹಿಡಿದರು. ಹುಕ್ಕೇರಿಯ ಆದಿಲಶಾಹಿ ಗುಮ್ಮಟಗಳ ಸುತ್ತ ಎಲ್ಲ ಜಾತಿ-ಮತದವರೂ ಬದುಕುವ ಊರಿನಲ್ಲಿ ಅದೇ ಎರಡು ಮೊಳಕೋಲು ಹಿಡಿದರೆ ಕೆಡೋದು ಗ್ರಂಥ ಅಲ್ಲ, ನೆರೆಹೊರೆ. ವಿಡಿಯೊ ಫಾರ್ವರ್ಡ್ ಮಾಡೋ ಮೊದಲು, ಅದೇ ಪ್ರಶ್ನೆಯನ್ನು ನಮ್ಮ ಮನೆಯ ಪೋಥಿಗೂ ಒಮ್ಮೆ ಕೇಳಿ ನೋಡೋಣ.